ಕಿವಿಗೆ 30% ಬರೆದಿದ್ದಾರೆ, ಪಕ್ಕದಲ್ಲೇ ‘ನಾನಾ’ ಅಂತಲೂ ಬರೆದಿದ್ದಾರೆ. ಈಗೇನು ಮಾಡಲಿ?

ಗೋಕಾಕದ ಗನ್ನರ್

ಎಲ್ಲರಿಗೂ ಜೈ ಹಿಂದ್. ನಾನು ಆರ್ಟಿಲರಿಯಲ್ಲಿ ಹವಾಲ್ದಾರ್ ಆಗಿದ್ದೆ. 2022ರಲ್ಲಿ ಪೆನ್ಷನ್ ಬಂದೆ. ಸರ್ವಿಸ್ ಪೂರ್ತಿ ತೋಪಿನ ಪಕ್ಕದಲ್ಲೇ ಹೋಯಿತು. ಮೊದಲು 105 ಎಂಎಂ, ಆಮೇಲೆ ಬೋಫೋರ್ಸ್. ಈಗ ಮನೆಯಲ್ಲಿ ಟಿವಿ ಸೌಂಡ್ ವಿಷಯಕ್ಕೆ ದಿನಾ ಜಗಳ. ಹಿಂದಿನಿಂದ ಯಾರಾದರೂ ಕರೆದರೆ ಗೊತ್ತೇ ಆಗುವುದಿಲ್ಲ.

ಮನೆಗೆ ಬರುವ ಮೊದಲು ರಿಲೀಸ್ ಮೆಡಿಕಲ್ ಬೋರ್ಡ್, ಅಂದರೆ ಬಿಡುಗಡೆಗೆ ಮುಂಚೆ ಡಾಕ್ಟರ ಮಂಡಳಿಯ ಪರೀಕ್ಷೆ, ಆಯಿತು. ಎರಡೂ ಕಿವಿ ಸೇರಿ 30%, ಫಾರ್ ಲೈಫ್ ಅಂತ ಬರೆದರು. ನಾನು ದುಡ್ಡು ಬರುತ್ತದೆ ಅಂದುಕೊಂಡೆ. ಪಿಪಿಒ (ಪೆನ್ಷನ್ ಆದೇಶ) ನೋಡಿದರೆ ಡಿಸೆಬಿಲಿಟಿ ಎಲಿಮೆಂಟ್, ಅಂದರೆ ಅಂಗವೈಕಲ್ಯಕ್ಕೆ ಪೆನ್ಷನ್ ಜೊತೆ ಕೊಡುವ ಹಣದ ಜಾಗ, ಖಾಲಿ. ಆಮೇಲೆ ಒಂದು ಪತ್ರ ಬಂತು. ನಿಮ್ಮ ಕಾಯಿಲೆ ‘ನೈದರ್ ಆಟ್ರಿಬ್ಯೂಟಬಲ್ ಟು ನಾರ್ ಆಗ್ರವೇಟೆಡ್ ಬೈ ಮಿಲಿಟರಿ ಸರ್ವಿಸ್’ (ಸರ್ವಿಸ್‌ನಿಂದ ಬಂದದ್ದೂ ಅಲ್ಲ, ಜಾಸ್ತಿ ಆದದ್ದೂ ಅಲ್ಲ; ಇದನ್ನೇ ‘ನಾನಾ’ ಅನ್ನುವುದು), ಹಾಗಾಗಿ ಕ್ಲೇಮ್ ರಿಜೆಕ್ಟ್ ಅಂತ. ಅದೇ ಸಮಯಕ್ಕೆ ಅಪ್ಪನ ಆಪರೇಷನ್. ಪತ್ರ ಟ್ರಂಕಿನಲ್ಲೇ ಉಳಿಯಿತು.

ಊರಿನ ಗೆಳೆಯನೊಬ್ಬ, ಅವನೂ ಫೌಜಿಯೇ, ಹೇಳುತ್ತಾನೆ: ಮತ್ತೆ ಮೆಡಿಕಲ್ ಮಾಡಿಸು, 50% ಬರೆಸಿಕೋ, ಆಗ ಕೊಡಲೇಬೇಕಾಗುತ್ತದೆ ಅಂತ. ಇದು ಖರೆ ಏನ್ರೀ?

ಮಡಿಕೇರಿ ಸುಬೇದಾರ್

ಹವಾಲ್ದಾರ್ ಸಾಬ್, ಜೈ ಹಿಂದ್. ಗೆಳೆಯರ ಮಾತು ಸ್ವಲ್ಪ ಪಕ್ಕಕ್ಕಿಡಿ. ಪರ್ಸೆಂಟೇಜ್ ಸಾಲದೆ ನಿಮ್ಮ ದುಡ್ಡು ನಿಂತಿಲ್ಲ. 20% ಇದ್ದರೆ ಸಾಕು, ನಿಮ್ಮದು 30 ಇದೆ. ನಿಂತಿರುವುದು ಕಾರಣದ ಕಾಲಂನಲ್ಲಿ.

ಬೋರ್ಡ್ ಎರಡು ಪ್ರಶ್ನೆಗೆ ಬೇರೆ ಬೇರೆ ಉತ್ತರ ಬರೆಯುತ್ತದೆ. ಎಷ್ಟು ಕೆಟ್ಟಿದೆ ಅನ್ನುವುದು ಒಂದು. ಸರ್ವಿಸ್‌ನಿಂದ ಕೆಟ್ಟಿತಾ, ಇಲ್ಲ ಮೊದಲೇ ಇದ್ದದ್ದು ಸರ್ವಿಸ್‌ನಿಂದ ಜಾಸ್ತಿ ಆಯಿತಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ‘ಇಲ್ಲ, ಇಲ್ಲ’ ಅಂದರೆ ಅದೇ ನಾನಾ. ನಾನಾ ಇರುವ ತನಕ 30 ಇದ್ದರೂ ಅಷ್ಟೇ, 80 ಇದ್ದರೂ ಅಷ್ಟೇ, ಡಿಸೆಬಿಲಿಟಿ ಎಲಿಮೆಂಟ್ ಬರುವುದಿಲ್ಲ.

ಇನ್ನೊಂದು ಮಾತು. ಮತ್ತೆ ಬೋರ್ಡ್ ಕೇಳಿದರೆ ಪರ್ಸೆಂಟೇಜ್ ಇಳಿಯಲೂಬಹುದು. 2001ರ ಫೆಬ್ರವರಿ 7ರ ರಕ್ಷಣಾ ಸಚಿವಾಲಯದ ಪತ್ರ ಬಂದ ಮೇಲೆ, ಪರ್ಮನೆಂಟ್ ಡಿಸೆಬಿಲಿಟಿಗೆ ವರ್ಷ ವರ್ಷ ರೀ-ಸರ್ವೇ (ಮರುಪರೀಕ್ಷೆ) ಇಲ್ಲ. ಒಮ್ಮೆ ಫಾರ್ ಲೈಫ್ ಅಂದರೆ ಮುಗಿಯಿತು, ನಾವಾಗಿ ರಿವ್ಯೂ ಕೇಳಿದರೆ ಮಾತ್ರ ಮತ್ತೆ ತೆಗೆಯುತ್ತಾರೆ. ಕೈಯಲ್ಲಿರುವ 30ನ್ನು ಯಾಕೆ ಕೆದಕುತ್ತೀರಿ?

ಬೆಳಗಾವಿ ಹೆಡ್ ಕ್ಲರ್ಕ್

ಸುಬೇದಾರ್ ಸಾಹೇಬರು ಹೇಳಿದ್ದು ಸರಿ. ಈಗ ಕಾಗದದ ಕೆಲಸಕ್ಕೆ ಬರೋಣ, ನನ್ನ ಜೀವನ ಕಳೆದದ್ದೇ ಅದರಲ್ಲಿ.

ಮೊದಲು ನಿಮ್ಮ ಎಎಫ್‌ಎಂಎಸ್‌ಎಫ್-16 ಕೈಗೆ ಬರಬೇಕು. ರಿಲೀಸ್ ಬೋರ್ಡ್‌ನ ಪೂರ್ತಿ ಪ್ರೊಸೀಡಿಂಗ್ಸ್ ಅದರಲ್ಲಿರುತ್ತದೆ. ನಿಮ್ಮ ಹತ್ತಿರ ಇರುವುದು ಬರೀ ರಿಜೆಕ್ಷನ್ ಪತ್ರ. ಅದನ್ನು ಮಾತ್ರ ಹಿಡಿದುಕೊಂಡು ಅಪೀಲ್ ಬರೆದರೆ ಗಾಳಿಗೆ ಗುದ್ದಿದ ಹಾಗೆ. ಕಾಪಿ ಕೊಡಿ ಅಂತ ನಿಮ್ಮ ರೆಕಾರ್ಡ್ಸ್ ಆಫೀಸಿಗೆ ಒಂದು ಅರ್ಜಿ ಬರೆಯಿರಿ. ಉತ್ತರ ಬರದಿದ್ದರೆ ಆರ್‌ಟಿಐ ಹಾಕಿ. 10 ರೂಪಾಯಿ ಫೀ, 30 ದಿನದಲ್ಲಿ ಉತ್ತರ ಕೊಡಬೇಕು. ನಿಮ್ಮದೇ ಮೆಡಿಕಲ್ ಕಾಗದ ನಿಮಗೆ ಕೊಡುವುದಿಲ್ಲ ಅನ್ನಲು ಆಗುವುದಿಲ್ಲ. ಅರ್ಜಿಯಲ್ಲಿ ಮೂರನ್ನು ಹೆಸರು ಹೇಳಿಯೇ ಕೇಳಿ: ಎಎಫ್‌ಎಂಎಸ್‌ಎಫ್-16, ಭರ್ತಿ ಆದಾಗಿನ ಮೆಡಿಕಲ್, ಮಧ್ಯೆ ಮೆಡಿಕಲ್ ಕೆಟಗರಿ ಇಳಿಸಿದ್ದರೆ ಆ ಬೋರ್ಡ್‌ನ ಎಎಫ್‌ಎಂಎಸ್‌ಎಫ್-15.

ಕೈಗೆ ಬಂದ ಮೇಲೆ ಮೆಡಿಕಲ್ ಬೋರ್ಡ್‌ನ ಒಪಿನಿಯನ್ ಅಂತ ಇರುವ ಭಾಗ ತೆಗೆಯಿರಿ. ಒಂದು ಟೇಬಲ್ ಇರುತ್ತದೆ. ಕಾಯಿಲೆಯ ಹೆಸರು, ಆಟ್ರಿಬ್ಯೂಟಬಲ್ ಹೌದು/ಇಲ್ಲ, ಆಗ್ರವೇಟೆಡ್ ಹೌದು/ಇಲ್ಲ, ಕೊನೆಯಲ್ಲಿ ಕಾರಣ. ಆ ಕಾರಣದ ಖಾನೆಯಲ್ಲಿ ಏನು ಬರೆದಿದ್ದಾರೆ ಅನ್ನುವುದರ ಮೇಲೆಯೇ ನಿಮ್ಮ ಕೇಸು ನಿಂತಿದೆ. ಸ್ವಲ್ಪ ಕೆಳಗೆ ಪರ್ಸೆಂಟೇಜ್ ಬರುತ್ತದೆ. ಅದರ ಪಕ್ಕದಲ್ಲೇ ‘ಕ್ವಾಲಿಫೈಯಿಂಗ್ ಫಾರ್ ಡಿಸೆಬಿಲಿಟಿ ಪೆನ್ಷನ್’ ಅಂತ ಇನ್ನೊಂದು ಖಾನೆ. ನಿಮ್ಮದರಲ್ಲಿ ಅಲ್ಲಿ ‘ನಿಲ್ ಫಾರ್ ಲೈಫ್’ ಅಂತ ಇರುತ್ತದೆ, ನೋಡಿ ಬೇಕಾದರೆ. 30% ಬರೆದು ಪಕ್ಕದಲ್ಲೇ ನಿಲ್. ತುಂಬಾ ಜನ ಮೊದಲ ಖಾನೆ ಓದಿ ಖುಷಿಯಾಗಿ ಸಹಿ ಹಾಕಿ ಬಂದಿರುತ್ತಾರೆ.

ಹಾಸನ ಎಎಂಸಿ

ನಾನು ಸೇನೆಯ ವೈದ್ಯಕೀಯ ದಳದಲ್ಲಿ (ಎಎಂಸಿ) ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ಕಿವಿ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ.

ಗನ್ನರ್ ಸಾಬ್, ನಿಮ್ಮ ಆಡಿಯೋಗ್ರಾಮ್ ಹುಡುಕಿ. ಎರಡು ಗೆರೆಯ ಗ್ರಾಫ್ ಇರುತ್ತದಲ್ಲ, ಬಲಗಿವಿಗೆ ಒಂದು, ಎಡಗಿವಿಗೆ ಒಂದು. ದೊಡ್ಡ ಸದ್ದಿನಿಂದ ಕಿವಿ ಹೋದರೆ ಆ ಗೆರೆ 4000 ಹರ್ಟ್ಸ್ ಹತ್ತಿರ ಧುಪ್ ಅಂತ ಗುಂಡಿಗೆ ಬಿದ್ದು, 8000ಕ್ಕೆ ಹೋಗುವಾಗ ಸ್ವಲ್ಪ ಮೇಲೆ ಏಳುತ್ತದೆ. ವಯಸ್ಸಿನಿಂದ ಹೋದ ಕಿವಿಯಲ್ಲಿ ಸಾಮಾನ್ಯವಾಗಿ ಆ ಗುಂಡಿ ಇರುವುದಿಲ್ಲ, ಗೆರೆ ಇಳಿಜಾರಿನ ಹಾಗೆ ಇಳಿಯುತ್ತಾ ಹೋಗುತ್ತದೆ. ನಿಮ್ಮ ಗ್ರಾಫ್‌ನಲ್ಲಿ ಆ ಗುಂಡಿ ಇದ್ದರೆ ಒಬ್ಬ ಇಎನ್‌ಟಿ ಡಾಕ್ಟರ್ ಕೈಯಲ್ಲಿ ಅದನ್ನು ಬರೆಸಿಕೊಳ್ಳಿ. ನಿಮ್ಮ ಟ್ರೇಡ್ ಗನ್ನರ್ ಅನ್ನುವುದು ಡಿಸ್ಚಾರ್ಜ್ ಬುಕ್‌ನಲ್ಲೇ ಇದೆ. ಈ ಎರಡು ಜೊತೆಗೆ ಸೇರಿದರೆ ‘ಸರ್ವಿಸ್‌ಗೂ ಇದಕ್ಕೂ ಸಂಬಂಧ ಇಲ್ಲ’ ಅನ್ನುವುದು ಕಷ್ಟವಾಗುತ್ತದೆ.

ಇನ್ನೊಂದು, ತುಂಬಾ ಜನ ಕೇಳುತ್ತಾರೆ ಅಂತ ಹೇಳುತ್ತಿದ್ದೇನೆ. ಎರಡು ಕಾಯಿಲೆ ಇದ್ದರೆ ಪರ್ಸೆಂಟೇಜನ್ನು ಸುಮ್ನೆ ಕೂಡಿಸುವುದಿಲ್ಲ. ಕಾಂಪೋಸಿಟ್ ಅಂತ ಬೇರೆ ಲೆಕ್ಕ ಹಾಕುತ್ತಾರೆ, ಅದು ಕೂಡಿಸಿದ್ದಕ್ಕಿಂತ ಕಡಿಮೆಯೇ ಬರುತ್ತದೆ. 30 ಮತ್ತು 20 ಸೇರಿದರೆ 50 ಆಗಲಿಲ್ಲ ಅಂತ ಜಗಳ ಬೇಡ.

ಗೋಕಾಕದ ಗನ್ನರ್

ನಿಜ ಹೇಳಬೇಕೆಂದರೆ ಈ ಪರ್ಸೆಂಟೇಜ್ ಬೇರೆ, ಕಾರಣ ಬೇರೆ ಅನ್ನುವುದನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಕ್ಲರ್ಕ್ ಸಾಬ್, ಅಪೀಲ್‌ಗೆ ಟೈಮ್ ಮುಗಿದುಹೋಗಿದೆ ಅಲ್ವಾ? ಪತ್ರದಲ್ಲಿ ಆರು ತಿಂಗಳು ಅಂತ ಇದೆ.

ಬೆಳಗಾವಿ ಹೆಡ್ ಕ್ಲರ್ಕ್

ಫಸ್ಟ್ ಅಪೀಲ್‌ಗೆ ಆರು ತಿಂಗಳು, ಹೌದು. ಅದು ತಿರಸ್ಕಾರವಾದರೆ ಸೆಕೆಂಡ್ ಅಪೀಲ್‌ಗೆ ಮತ್ತೆ ಆರು ತಿಂಗಳು. ಆದರೂ ಹಾಕಿ, ತಡ ಯಾಕಾಯಿತು ಅಂತ ಬರೆದು ಮನ್ನಿಸಿ ಅಂತ ಕೇಳಿ. ಅಪ್ಪನ ಆಸ್ಪತ್ರೆ ಕಾಗದ ಜೊತೆಗಿಡಿ.

ಪೆನ್ಷನ್ ಅನ್ನುವುದು ತಿಂಗಳು ತಿಂಗಳು ಬರಬೇಕಾದದ್ದು. ಬರದೇ ಇದ್ದರೆ ಅನ್ಯಾಯವೂ ತಿಂಗಳು ತಿಂಗಳು ಹೊಸದಾಗಿ ಆಗುತ್ತಿದೆ ಅಂತ ಕೋರ್ಟ್ ನೋಡುತ್ತದೆ. 2008ರಲ್ಲಿ ಸುಪ್ರೀಂ ಕೋರ್ಟ್ ತರ್ಸೇಮ್ ಸಿಂಗ್ ಕೇಸಿನಲ್ಲಿ ಇದನ್ನೇ ಹೇಳಿತು. ಹಾಗಾಗಿ ತಡವಾಯಿತು ಅಂತ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಬಾಕಿ ಸಾಮಾನ್ಯವಾಗಿ ಅರ್ಜಿ ಹಾಕುವ ಹಿಂದಿನ ಮೂರು ವರ್ಷಕ್ಕೆ ಮಾತ್ರ. ನೀವು ಕೂತಷ್ಟೂ ಹಿಂದಿನ ತಿಂಗಳುಗಳು ಉದುರುತ್ತಾ ಹೋಗುತ್ತವೆ.

ಎರಡೂ ಅಪೀಲ್ ತಿರಸ್ಕಾರವಾದರೆ, ಅಥವಾ ಹಾಕಿ ಆರು ತಿಂಗಳಾದರೂ ಉತ್ತರ ಬರದಿದ್ದರೆ, ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್. ಕರ್ನಾಟಕದವರಿಗೆ ಕೊಚ್ಚಿ ಪೀಠ.

ಮಡಿಕೇರಿ ಸುಬೇದಾರ್

ಅಪೀಲ್‌ನಲ್ಲಿ ಒಂದು ತೀರ್ಪಿನ ಹೆಸರು ಬಿಡಬೇಡಿ. ಧರಂವೀರ್ ಸಿಂಗ್, 2013ರ ಜುಲೈ 2, ಸುಪ್ರೀಂ ಕೋರ್ಟ್. ಆತ ಸಿಗ್ನಲ್ಸ್‌ನ ಜವಾನ. ಫಿಟ್ಸ್ ಬಂತು ಅಂತ 20% ಬರೆದು ಮನೆಗೆ ಕಳಿಸಿದರು, ಸರ್ವಿಸ್‌ಗೆ ಸಂಬಂಧ ಇಲ್ಲ ಅಂತಲೂ ಬರೆದರು. ಕೋರ್ಟ್ ಕೇಳಿದ್ದು ಸರಳ ಪ್ರಶ್ನೆ. ಭರ್ತಿ ಮಾಡಿಕೊಂಡಾಗ ನೀವೇ ಪರೀಕ್ಷೆ ಮಾಡಿದಿರಿ. ಆಗ ಈ ಕಾಯಿಲೆ ಇತ್ತು ಅಂತ ಎಲ್ಲೂ ಬರೆದಿಲ್ಲ. ಹಾಗಾದರೆ ಸರ್ವಿಸ್‌ನಲ್ಲೇ ಬಂತು ಅಂತ ತಿಳಿಯಬೇಕು. ಅಲ್ಲ ಅನ್ನುವುದಾದರೆ ಬೋರ್ಡ್ ಕಾರಣ ಬರೆಯಬೇಕು. ಸಾಬೀತು ಮಾಡುವ ಹೊರೆ ಜವಾನನ ಮೇಲಿಲ್ಲ.

ಕ್ಲರ್ಕ್ ಸಾಬ್ ಭರ್ತಿ ಮೆಡಿಕಲ್ ಕೇಳಿ ಅಂದದ್ದು ಇದಕ್ಕೇ. ಅದರಲ್ಲಿ ಕಿವಿ ನಾರ್ಮಲ್ ಅಂತ ಇದ್ದೇ ಇರುತ್ತದೆ. ಇಲ್ಲದಿದ್ದರೆ ನಿಮ್ಮನ್ನು ತೋಪಿನ ಹತ್ತಿರ ಬಿಡುತ್ತಿದ್ದರಾ?

ಯಲಹಂಕ ಏರ್‌ಫೋರ್ಸ್

ಎಲ್ಲರ ಮಧ್ಯೆ ಒಂದು ಒಗ್ಗದ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗನ್ನರ್ ಸಾಬ್ ಕೇಸು ನ್ಯಾಯವಾದದ್ದು. ಆದರೆ ಇತ್ತೀಚೆಗೆ ಬಿಪಿ, ಶುಗರ್ ಎಲ್ಲದಕ್ಕೂ ಪೆನ್ಷನ್ ಬೇಕು ಅನ್ನುತ್ತಾರೆ. ಊರಲ್ಲಿ ಮೇಷ್ಟ್ರಿಗೂ ಬಿಪಿ ಬರುತ್ತದೆ, ಬ್ಯಾಂಕ್ ಮ್ಯಾನೇಜರಿಗೂ ಶುಗರ್ ಬರುತ್ತದೆ. ಅವರಿಗೆ ಯಾರು ಕೊಡುತ್ತಾರೆ? ಹೀಗೆ ಎಳೆದಾಡಿದ್ದಕ್ಕೇ ಕಾಲು ಕಳೆದುಕೊಂಡವರನ್ನೂ ಅನುಮಾನದಿಂದ ನೋಡುವ ಕಾಲ ಬಂದಿದೆ.

ಹಾಸನ ಎಎಂಸಿ

ಸರ್, ಅರ್ಧ ಒಪ್ಪುತ್ತೇನೆ. ನಾಟಕ ಮಾಡುವವರು ಇದ್ದಾರೆ, ವಾರ್ಡ್‌ನಲ್ಲಿ ನಾನೇ ನೋಡಿದ್ದೇನೆ.

ಆದರೆ ಮೇಷ್ಟ್ರಿಗೆ ವರ್ಷಗಟ್ಟಲೆ 14,000 ಅಡಿ ಎತ್ತರದಲ್ಲಿ ಡ್ಯೂಟಿ ಇರುವುದಿಲ್ಲ. ಬಿಪಿ ಕೇಸಿನಲ್ಲಿ ಬೋರ್ಡ್ ನೋಡುವುದೇ ಅದನ್ನು: ಮೊದಲು ಕಾಣಿಸಿಕೊಂಡದ್ದು ಫೀಲ್ಡ್‌ನಲ್ಲಾ, ಹೈ ಆಲ್ಟಿಟ್ಯೂಡ್‌ನಲ್ಲಾ, ಸಿಐ ಆಪ್ಸ್‌ನಲ್ಲಾ (ಉಗ್ರರ ವಿರುದ್ಧದ ಕಾರ್ಯಾಚರಣೆ), ಇಲ್ಲ ಪೀಸ್ ಸ್ಟೇಷನ್‌ನಲ್ಲಾ ಅಂತ. ಹಾರ್ಟ್ ಅಟ್ಯಾಕ್ ಆದರೆ ಅದಕ್ಕೆ ಹಿಂದಿನ 14 ದಿನ ಆತ ಏನು ಡ್ಯೂಟಿ ಮಾಡುತ್ತಿದ್ದ ಅನ್ನುವ ಚಾರ್ಟರ್ ಆಫ್ ಡ್ಯೂಟೀಸ್ ತರಿಸಿ ನೋಡುತ್ತಾರೆ. ತೊಂದರೆ ಎಲ್ಲಿ ಅಂದರೆ, ಮೂರು ವರ್ಷ ಮೇಲಿದ್ದು ಕೆಳಗೆ ಬಂದವನಿಗೆ ಪೀಸ್ ಸ್ಟೇಷನ್‌ನಲ್ಲಿ ಮೊದಲ ಸಲ ಬಿಪಿ ಅಳೆಯುತ್ತಾರೆ. ‘ಆನ್‌ಸೆಟ್ ಇನ್ ಪೀಸ್’ (ಶಾಂತಿಯ ಜಾಗದಲ್ಲಿ ಶುರುವಾದದ್ದು) ಅಂತ ಒಂದು ಸಾಲು ಬೀಳುತ್ತದೆ. ಮೇಲೆ ಕಳೆದ ವರ್ಷಗಳು ಲೆಕ್ಕಕ್ಕೇ ಬರುವುದಿಲ್ಲ.

ಯಲಹಂಕ ಏರ್‌ಫೋರ್ಸ್

ಆ ಮಾತು ಒಪ್ಪಿದೆ. ಡೇಟ್‌ಗಿಂತ ಪೋಸ್ಟಿಂಗ್ ಪಟ್ಟಿ ನೋಡಬೇಕು. ಆದರೂ ಎಲ್ಲದಕ್ಕೂ ಕೋರ್ಟು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ವಿಜಯಪುರ ನಾಯಕ್

ಕಾಲು ಕಳೆದುಕೊಂಡವರ ಮಾತು ಬಂತು, ನಾನು ಅವರಲ್ಲಿ ಒಬ್ಬ. ಎಲ್‌ಒಸಿ ಹತ್ತಿರ ಮೈನ್. ಎಡಗಾಲು ಮೊಣಕಾಲಿನ ಕೆಳಗೆ.

ನನ್ನ ಕೇಸಿನಲ್ಲಿ ಕಾರಣದ ಜಗಳ ಇರಲಿಲ್ಲ. ಬ್ಯಾಟಲ್ ಕ್ಯಾಶುವಾಲ್ಟಿ (ಯುದ್ಧದ ಗಾಯಾಳು) ಅಂತ ಆವತ್ತೇ ಸಿಗ್ನಲ್ ಹೋಯಿತು. ನಮ್ಮದು ಡಿಸೆಬಿಲಿಟಿ ಪೆನ್ಷನ್ ಅಲ್ಲ, ವಾರ್ ಇಂಜುರಿ ಪೆನ್ಷನ್. ಲೆಕ್ಕವೇ ಬೇರೆ. ಮಾಮೂಲಿ ಡಿಸೆಬಿಲಿಟಿ ಎಲಿಮೆಂಟ್ 100%ಗೆ ಕೊನೆಯ ಸಂಬಳದ 30%. ವಾರ್ ಇಂಜುರಿ ಆಗಿ, ಆಮೇಲೂ ಸರ್ವಿಸ್ ಮಾಡಿ ಅವಧಿ ಮುಗಿಸಿ ಬಂದರೆ ಅದು 60%. ಗಾಯದಿಂದಲೇ ಬೋರ್ಡ್ ಔಟ್ ಮಾಡಿ, ಅಂದರೆ ಅವಧಿಗೆ ಮೊದಲೇ ಮನೆಗೆ ಕಳಿಸಿದರೆ, ಪೂರ್ತಿ 100%. ಕಡಿಮೆ ಪರ್ಸೆಂಟೇಜಿಗೆ ಅದೇ ಪ್ರಮಾಣದಲ್ಲಿ ಕಡಿಮೆ.

ಹುಡುಗರಿಗೆ ನನ್ನ ಮಾತು ಒಂದೇ. ಪೆಟ್ಟು ಚಿಕ್ಕದಿರಲಿ, ದೊಡ್ಡದಿರಲಿ, ಇಂಜುರಿ ರಿಪೋರ್ಟ್ ಆಯಿತಾ ಅಂತ ಕೇಳಿ. ಐಎಎಫ್‌ವೈ-2006 ಫಾರಂ. ಪಿಟಿಯಲ್ಲಿ ಮಂಡಿ ತಿರುಚಿದರೂ ಸರಿ. ‘ಆರಾಮಾಗ್ತದ ಬಿಡು’ ಅಂತ ಬಿಟ್ಟ ಮಂಡಿ 15 ವರ್ಷ ಆದ ಮೇಲೆ ಹಿಡಿದುಕೊಂಡಾಗ, ಕಾಗದ ಕೇಳುತ್ತಾರೆ.

ಇನ್ನು ಕಾಲು. ಪುಣೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರ್‌ನಲ್ಲಿ ಹಾಕಿಸಿಕೊಂಡೆ. 1944ರಿಂದ ನಡೆಯುತ್ತಿರುವ ಜಾಗ. ಹೊಸದಾಗಿ ಕಾಲು ಹಾಕಿಸಿಕೊಂಡವರಿಗೆ ಗೊತ್ತಿರಲಿ, ಮೊದಲ ವರ್ಷ ಉಳಿದ ಕಾಲಿನ ಮಾಂಸ ಕರಗುತ್ತದೆ. ಸಾಕೆಟ್ ಸಡಿಲವಾಗುತ್ತದೆ. ನಡೆಯುವಾಗ ಪಚಕ್ ಪಚಕ್ ಅಂತ ಸದ್ದು ಬಂದರೆ, ಸಂಜೆ ಹೊತ್ತಿಗೆ ಮೂಳೆಯ ತುದಿಯಲ್ಲಿ ಕೆಂಪಗಾದರೆ, ಒಂದು ಕಾಲುಚೀಲ ಜಾಸ್ತಿ ಹಾಕಿ ತಳ್ಳಬೇಡಿ. ಹೋಗಿ ಸಾಕೆಟ್ ಬದಲಿಸಿಕೊಂಡು ಬನ್ನಿ. ಹುಣ್ಣಾದರೆ ತಿಂಗಳುಗಟ್ಟಲೆ ಕಾಲು ಹಾಕುವ ಹಾಗಿಲ್ಲ.

ಹಾಸನ ಎಎಂಸಿ

ನಾಯಕ್ ಸಾಬ್, ಆ ಕಾಲುಚೀಲದ ಮಾತು ಎಲ್ಲರೂ ಓದಬೇಕು. ಇನ್ನೊಂದನ್ನು ನಾನು ಸೇರಿಸುತ್ತೇನೆ. ಸೇನೆಯ ಬೋರ್ಡ್ ಕೊಟ್ಟ ಪರ್ಸೆಂಟೇಜ್ ಹಿಡಿದುಕೊಂಡು ಬಸ್ ಪಾಸ್ ಕೇಳಲು ಹೋದರೆ ವಾಪಸ್ ಕಳಿಸುತ್ತಾರೆ. ಅದಕ್ಕೆ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಬೇಕು. ಅದನ್ನು ಕೊಡುವುದು ಸರ್ಕಾರಿ ಆಸ್ಪತ್ರೆಯ ಬೋರ್ಡ್, ಅಳತೆಯೂ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೀಸಲಾತಿಯಂಥ ಸೌಲಭ್ಯಕ್ಕೆ 40% ಬೇಕು. ಎರಡೂ ಕಾಗದ ಇಟ್ಟುಕೊಳ್ಳಿ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಮೈಸೂರಿನ ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಸೇನೆಯ ಇಎಂಇಯಲ್ಲಿ (ಯಂತ್ರ ರಿಪೇರಿ ದಳ) ಇದ್ದರು, ಈಗ ಓಡಾಟ ಕಡಿಮೆ. ಹಾಗಾಗಿ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕೆಲಸ ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ವಿಷಯ ಸ್ವಲ್ಪ ಬೇರೆ, ಆದರೂ ಕೇಳುತ್ತೇನೆ.

ಹೋದ ತಿಂಗಳು ಅತ್ತೆಗೆ ರಾತ್ರಿ ಎದೆನೋವು. ಹತ್ತಿರ ಇದ್ದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅದು ಇಸಿಎಚ್‌ಎಸ್ ಪಟ್ಟಿಯಲ್ಲಿ ಇಲ್ಲ. ದುಡ್ಡು ಕಟ್ಟಿ ಅಡ್ಮಿಟ್ ಮಾಡಿದೆವು. ಬಿಲ್ ವಾಪಸ್ ಬರುತ್ತಾ?

ಇನ್ನೊಂದು ಅನುಭವ. ಪಟ್ಟಿಯಲ್ಲಿ ಇರುವ ಒಂದು ಆಸ್ಪತ್ರೆಯಲ್ಲಿ ಕಾರ್ಡ್ ತೋರಿಸಿದರೆ ‘ಸರ್ಕಾರದ ದುಡ್ಡು ಬಂದಿಲ್ಲ, ಈಗ ಕ್ಯಾಶ್‌ಲೆಸ್ ಇಲ್ಲ’ ಅಂದರು. ಕೌಂಟರಿನ ಹುಡುಗಿಗೆ ಜೋರು ಮಾಡಿ ಏನೂ ಪ್ರಯೋಜನ ಇಲ್ಲ ಅಂತ ಸುಮ್ಮನಾದೆ.

ಮಡಿಕೇರಿ ಸುಬೇದಾರ್

ಅಕ್ಕಾ, ಎಮರ್ಜೆನ್ಸಿಯಲ್ಲಿ ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಗೂ ಹೋಗಬಹುದು. ಆದರೆ ಅಡ್ಮಿಟ್ ಆದ 48 ಗಂಟೆಯೊಳಗೆ ಹತ್ತಿರದ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ನೀವು ತಿಳಿಸಿದ್ದರೆ ಕ್ಲೇಮ್ ಹಾಕಿ. ಎಮರ್ಜೆನ್ಸಿ ಅಂತ ಡಾಕ್ಟರ್ ಬರೆದ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಒಂದೊಂದು ಖರ್ಚೂ ಬಿಡಿಸಿದ ಬಿಲ್, ಎಲ್ಲ ಒರಿಜಿನಲ್ ಬೇಕು. ಜೆರಾಕ್ಸ್ ಒಂದು ಸೆಟ್ ಮನೆಯಲ್ಲಿಡಿ. ಬರುವುದು ಸಿಜಿಎಚ್‌ಎಸ್ (ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ) ದರದಲ್ಲಿ. ಕಟ್ಟಿದ್ದೆಲ್ಲ ಪೂರ್ತಿ ಬರುತ್ತದೆ ಅಂತ ಕಾಯಬೇಡಿ.

ಅತ್ತೆ ಕಾರ್ಡಿನಲ್ಲಿ ಇದ್ದಾರಾ ಅಂತ ಒಮ್ಮೆ ನೋಡಿಕೊಳ್ಳಿ. ತಂದೆತಾಯಿ ಸೇರಬೇಕಾದರೆ ಅವರ ಆದಾಯ ತಿಂಗಳಿಗೆ 9,000 ಮತ್ತು ಅದರ ಮೇಲಿನ ಡಿಎಗಿಂತ ಕಡಿಮೆ ಇರಬೇಕು.

ಕ್ಯಾಶ್‌ಲೆಸ್ ಇಲ್ಲ ಅಂದರೆ, ಬರೆದು ಕೊಡಿ ಅಂತ ಕೇಳಿ. ಬರೆದು ಕೊಡುವುದಿಲ್ಲ, ಅದು ಗೊತ್ತಿರುವುದೇ. ಆದರೆ ಕೇಳಿದ ತಕ್ಷಣ ಒಳಗಿನಿಂದ ಒಬ್ಬ ಮ್ಯಾನೇಜರ್ ಹೊರಗೆ ಬರುತ್ತಾನೆ. ಅಷ್ಟರಲ್ಲಿ ಪಾಲಿಕ್ಲಿನಿಕ್‌ನ ಓಐಸಿಗೆ (ಉಸ್ತುವಾರಿ ಅಧಿಕಾರಿಗೆ) ಫೋನ್ ಮಾಡಿ. ದಿನ, ಹೊತ್ತು, ಯಾರು ಹೇಳಿದರು ಅನ್ನುವುದನ್ನು ಬರೆದು ದೂರು ಕೊಡಿ.

ಮೈಸೂರಿನ ಅಕ್ಕ

ಮರುದಿನ ಬೆಳಿಗ್ಗೆಯೇ ಪಾಲಿಕ್ಲಿನಿಕ್‌ಗೆ ಹೋಗಿ ಬರೆದುಕೊಟ್ಟು ಸೀಲ್ ಹಾಕಿಸಿಕೊಂಡು ಬಂದಿದ್ದೆ. ಅತ್ತೆ ಕಾರ್ಡಿನಲ್ಲಿ ಇದ್ದಾರೆ. ಧನ್ಯವಾದ ಅಣ್ಣ.

ಗೋಕಾಕದ ಅಣ್ಣನಿಗೆ ಒಂದು ಮಾತು. ನೀವು ಕೇಸು ಮುಗಿಯಲಿ ಅಂತ ಕಿವಿಯನ್ನು ಹಾಗೇ ಬಿಟ್ಟಿದ್ದೀರಾ? ಇಸಿಎಚ್‌ಎಸ್‌ಗೂ ನಿಮ್ಮ ನಾನಾಗೂ ಏನೂ ಸಂಬಂಧ ಇಲ್ಲ. ಪೆನ್ಷನ್ ಬಂದವರೆಲ್ಲರಿಗೂ ಚಿಕಿತ್ಸೆ ಇದೆ. ಪಾಲಿಕ್ಲಿನಿಕ್‌ನಲ್ಲಿ ತೋರಿಸಿ, ಇಎನ್‌ಟಿಗೆ ರೆಫರಲ್ ತಗೊಳ್ಳಿ, ಶ್ರವಣ ಸಾಧನ ಕೊಡುತ್ತಾರೆ. ದರಕ್ಕೆ ಮಿತಿ ಇದೆ, ಅದಕ್ಕಿಂತ ಜಾಸ್ತಿ ಬೆಲೆಯದು ಬೇಕಾದರೆ ಮೇಲಿನದು ನಾವು ಕೊಡಬೇಕು. ನಮ್ಮ ಮಾವನಿಗೆ ಹಾಗೇ ಮಾಡಿಸಿದ್ದು.

ಗೋಕಾಕದ ಗನ್ನರ್

ಅಕ್ಕಾ, ಖರೆ ಅಂದರೆ ಕೇಸಿಗೆ ತೊಂದರೆ ಆಗುತ್ತದೇನೋ ಅಂತ ಮಿಷನ್ ಹಾಕಿಸಿರಲಿಲ್ಲ. ಕಾರ್ಡ್ ಇದೆ. ಪೆನ್ಷನ್ ಬರುವಾಗಲೇ ಅದಕ್ಕೆ ಅಂತ 30,000 ಹಿಡಿದುಕೊಂಡಿದ್ದಾರಲ್ಲ.

ಹಾಸನ ಎಎಂಸಿ

ತೊಂದರೆ ಏನೂ ಇಲ್ಲ. ಬದಲಿಗೆ ಹೊಸ ಆಡಿಯೋಗ್ರಾಮ್ ಸಿಗುತ್ತದೆ, ಇಎನ್‌ಟಿ ಡಾಕ್ಟರ ಬರಹ ಸಿಗುತ್ತದೆ. ಕಿವಿಗೂ ಆಯಿತು, ಕೇಸಿಗೂ ಆಯಿತು. ತುಂಬಾ ವರ್ಷ ಕೇಳಿಸದೆ ಬಿಟ್ಟರೆ ಆಮೇಲೆ ಮಿಷನ್ ಹಾಕಿದರೂ ಮಾತು ಬಿಡಿಸಿ ತಿಳಿಯುವುದು ಕಷ್ಟ. ಬೇಗ ಹಾಕಿಸಿ.

ಎಂಇಜಿ ಬೆಂಗಳೂರು

ಇಲ್ಲಿಯ ತನಕ ಯಾರೂ ಏಜೆಂಟರ ಬಗ್ಗೆ ಹೇಳಲಿಲ್ಲ, ನಾನು ಹೇಳುತ್ತೇನೆ. ಇಂಥ ಚರ್ಚೆ ಓದಿ ಫೋನ್ ಮಾಡುವವರು ಇದ್ದಾರೆ. ‘ಸರ್, ಡಿಸೆಬಿಲಿಟಿ ಮಾಡಿಸಿಕೊಡುತ್ತೇವೆ, ಈಗ ಏನೂ ಕೊಡಬೇಡಿ, ಅರಿಯರ್ಸ್ ಬಂದ ಮೇಲೆ ಪಾಲು ಕೊಡಿ’ ಅಂತ. ಖಾಲಿ ವಕಾಲತ್ತಿಗೆ ಸಹಿ, ಖಾಲಿ ಚೆಕ್ಕಿಗೆ ಸಹಿ. ಸ್ಪರ್ಶ್ (ಪೆನ್ಷನ್ ಪೋರ್ಟಲ್) ಲಾಗಿನ್ ಕೂಡ ಕೇಳುತ್ತಾರೆ. ಓಟಿಪಿ ಹೇಳಿದಿರೋ, ಬ್ಯಾಂಕ್ ಅಕೌಂಟೇ ಬದಲಾಗಿ ಕೂತಿರುತ್ತದೆ.

ಮೊದಲು ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಗೆ ಹೋಗಿ. ಅರ್ಜಿ ಬರೆಯಲು ಸಹಾಯ ಮಾಡುತ್ತಾರೆ. ಎಲ್ಲ ಕಡೆ ಒಂದೇ ಹುರುಪು ಇರುವುದಿಲ್ಲ, ಅದು ಅಲ್ಲಿ ಕೂತವರ ಮೇಲೆ. ನಾಲ್ಸಾದವರು (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) 2025ರ ಜುಲೈನಲ್ಲಿ ‘ವೀರ್ ಪರಿವಾರ್ ಸಹಾಯತಾ ಯೋಜನಾ’ ಶುರು ಮಾಡಿದ್ದಾರೆ, ಸೈನಿಕ ಬೋರ್ಡ್‌ಗಳಲ್ಲಿ ಕಾನೂನು ನೆರವಿನ ಕ್ಲಿನಿಕ್ ಇಡುವ ಯೋಜನೆ. ಅದರ ಬಗ್ಗೆಯೂ ಅಲ್ಲೇ ವಿಚಾರಿಸಿ. ಟ್ರಿಬ್ಯೂನಲ್‌ನಲ್ಲಿ ವಕೀಲರಿಲ್ಲದೆ ಸ್ವತಃ ನಿಲ್ಲಲೂ ಅವಕಾಶ ಇದೆ, ಆದರೆ ನಾನು ಅದನ್ನು ಹೇಳುವುದಿಲ್ಲ. ಒಬ್ಬ ಒಳ್ಳೆಯ ವಕೀಲರಿಗೆ ಫೀ ಕೊಟ್ಟು ರಸೀದಿ ತಗೊಳ್ಳಿ, ಪಾಲು ಮಾತ್ರ ಬರೆದುಕೊಡಬೇಡಿ.

ಗೋಕಾಕದ ಗನ್ನರ್

ಗೆದ್ದರೆ ಎಷ್ಟು ಬರಬಹುದು? ಮನೆಯವಳು ಕೇಳುತ್ತಿದ್ದಾಳೆ. ಖರ್ಚು ಮಾಡಬೇಕೋ ಬೇಡವೋ ಅಂತ ಲೆಕ್ಕ ಹಾಕಬೇಕಲ್ಲ.

ಬೆಳಗಾವಿ ಹೆಡ್ ಕ್ಲರ್ಕ್

ನ್ಯಾಯವಾದ ಪ್ರಶ್ನೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ನಿಮ್ಮ ಕೊನೆಯ ಸಂಬಳ, ಎಂಎಸ್‌ಪಿ (ಮಿಲಿಟರಿ ಸರ್ವಿಸ್ ಪೇ) ಸೇರಿ, 50,000 ಅಂದುಕೊಳ್ಳಿ. 100% ಡಿಸೆಬಿಲಿಟಿಗೆ ಅದರ 30%, ಅಂದರೆ 15,000. ನಿಮ್ಮ 30%ಗೆ 4,500 ಆಗಬೇಕು.

ಇಲ್ಲಿ ಬ್ರಾಡ್ ಬ್ಯಾಂಡಿಂಗ್ ಬರುತ್ತದೆ. 20ರಿಂದ 50ರ ಒಳಗೆ ಇರುವುದನ್ನು 50 ಅಂತ, 50ರಿಂದ 75ರ ತನಕ ಇರುವುದನ್ನು 75 ಅಂತ, ಅದರ ಮೇಲಿನದನ್ನು 100 ಅಂತ ಹಿಡಿಯುತ್ತಾರೆ. ಮೊದಲು ಇದು ಬೋರ್ಡ್ ಔಟ್ ಆದವರಿಗೆ ಮಾತ್ರ, 1996ರ ಜನವರಿ 1ರಿಂದ. 2014ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ರಾಮ್ ಅವತಾರ್ ಕೇಸಿನಲ್ಲಿ, ಅವಧಿ ಮುಗಿಸಿ ಬಂದವರಿಗೂ ಕೊಡಬೇಕು ಅಂತು. ಹಾಗಾದರೆ ನಿಮ್ಮ 30 ಆಗುವುದು 50, ತಿಂಗಳಿಗೆ 7,500, ಅದರ ಮೇಲೆ ಡಿಎ. ತಾನಾಗಿ ಸಿಗುತ್ತದೆ ಅಂತ ಬಿಡಬೇಡಿ. ಅಪೀಲ್‌ನಲ್ಲೂ, ಮುಂದೆ ಟ್ರಿಬ್ಯೂನಲ್ ಅರ್ಜಿಯಲ್ಲೂ ಎರಡನ್ನೂ ಕೇಳಿ: ನಾನಾ ತೆಗೆಯಿರಿ ಅಂತ ಒಂದು, ಬ್ರಾಡ್ ಬ್ಯಾಂಡಿಂಗ್ ಕೊಡಿ ಅಂತ ಇನ್ನೊಂದು. ಮೊದಲನೆಯದು ಮಾತ್ರ ಕೇಳಿ ಗೆದ್ದು, ಎರಡನೆಯದಕ್ಕೆ ಮತ್ತೆ ಕೇಸು ಹಾಕಿದವರನ್ನು ನೋಡಿದ್ದೇನೆ.

ನಿಮ್ಮ ಗೆಳೆಯ 50 ಬರೆಸಿಕೋ ಅಂದರಲ್ಲ, ಕಾರಣದ ಕಾಲಂ ಸರಿಯಾದರೆ 30ರಲ್ಲೇ ಆ 50 ಸಿಗುತ್ತದೆ.

ತುಮಕೂರು ಲ್ಯಾನ್ಸ್ ನಾಯಕ್

ಸರ್, ನನ್ನದು ಮಂಡಿ, 15 ಪರ್ಸೆಂಟ್ ಬರೆದಿದ್ದಾರೆ, ಆಟ್ರಿಬ್ಯೂಟಬಲ್ ಅಂತಲೇ ಇದೆ. ಅವಧಿ ಮುಗಿಸಿ ಬಂದದ್ದು. ನನಗೂ 50 ಆಗುತ್ತಾ?

ಬೆಳಗಾವಿ ಹೆಡ್ ಕ್ಲರ್ಕ್

ಆಗುವುದಿಲ್ಲ ತಮ್ಮ. 2019ರ ಡಿಸೆಂಬರ್‌ನಲ್ಲಿ ವಿಂಗ್ ಕಮಾಂಡರ್ ರಾಥೋರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಅವಧಿ ಮುಗಿಸಿ ಬಂದವರಿಗೆ 20ಕ್ಕಿಂತ ಕಡಿಮೆ ಇದ್ದರೆ ಡಿಸೆಬಿಲಿಟಿ ಎಲಿಮೆಂಟ್ ಇಲ್ಲ, ಬ್ರಾಡ್ ಬ್ಯಾಂಡಿಂಗೂ ಇಲ್ಲ. ಕಾಯಿಲೆಯಿಂದಲೇ ಬೋರ್ಡ್ ಔಟ್ ಮಾಡಿ ಕಳಿಸಿದ್ದರೆ ಮಾತು ಬೇರೆ ಇತ್ತು. ಮನೆಗೆ ಕಳಿಸುವಷ್ಟು ಕೆಟ್ಟಿದ್ದರೆ 20ಕ್ಕಿಂತ ಜಾಸ್ತಿಯೇ ಅಂತ ತಿಳಿಯಬೇಕು ಅಂತ 2014ರಲ್ಲಿ ಸುಖ್ವಿಂದರ್ ಸಿಂಗ್ ಕೇಸಿನಲ್ಲಿ ಹೇಳಿದ್ದಾರೆ.

ರಿವ್ಯೂ ಕೇಳಬೇಕಾದವರು ನಿಮ್ಮಂಥವರು, ಗನ್ನರ್ ಸಾಬ್ ಅಲ್ಲ. ಕಾರಣ ಸರಿ ಇದೆ, ಪರ್ಸೆಂಟೇಜ್ ಸಾಲದು. ಮಂಡಿ ಈಗ ಜಾಸ್ತಿ ಕೆಟ್ಟಿದ್ದರೆ ಎಂಆರ್‌ಐ, ಆರ್ಥೋ ಡಾಕ್ಟರ ಕಾಗದ ಇಟ್ಟು ರಿವ್ಯೂ ಬೋರ್ಡ್ ಕೇಳಿ. ನಿಮಗೆ ಕಳೆದುಕೊಳ್ಳುವುದು ಏನೂ ಇಲ್ಲ.

ಮಡಿಕೇರಿ ಸುಬೇದಾರ್

ಹೊಸದಾಗಿ ಬರುವ ಹುಡುಗರಿಗೆ ಒಂದು ಸೂಚನೆ. 2023ರ ಸೆಪ್ಟೆಂಬರ್ 21ರಿಂದ ಹೊಸ ಎಂಟೈಟಲ್‌ಮೆಂಟ್ ರೂಲ್ಸ್ ಬಂದಿವೆ. ಅವಧಿ ಮುಗಿಸಿ ಬರುವವರಿಗೆ ಡಿಸೆಬಿಲಿಟಿ ಎಲಿಮೆಂಟ್ ಬದಲು ಇಂಪೇರ್‌ಮೆಂಟ್ ರಿಲೀಫ್ ಅಂತ ಮಾಡಿದ್ದಾರೆ. ಆ ದಿನದ ನಂತರ ಬಂದವರು ಇಲ್ಲಿಯ ಲೆಕ್ಕವನ್ನು ಹಾಗೇ ತಗೊಳ್ಳಬೇಡಿ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

ಗೋಕಾಕದ ಗನ್ನರ್

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಆರ್‌ಟಿಐ ಉತ್ತರ ಬಂತು. ಭರ್ತಿ ಮೆಡಿಕಲ್‌ನಲ್ಲಿ ಎರಡೂ ಕಿವಿ ನಾರ್ಮಲ್. ಎಎಫ್‌ಎಂಎಸ್‌ಎಫ್-16ರಲ್ಲಿ ಕ್ಲರ್ಕ್ ಸಾಬ್ ಹೇಳಿದ ಖಾನೆಯಲ್ಲಿ ‘ನಿಲ್ ಫಾರ್ ಲೈಫ್’ ಅಂತಲೇ ಇದೆ. ಕಾರಣದ ಖಾನೆಯಲ್ಲಿ ಇರುವುದು ಒಂದೇ ಸಾಲು: ಆನ್‌ಸೆಟ್ ಇನ್ ಪೀಸ್ ಏರಿಯಾ, ನೋ ಹಿಸ್ಟರಿ ಆಫ್ ಅಕೌಸ್ಟಿಕ್ ಟ್ರಾಮಾ (ಸದ್ದಿನಿಂದ ಕಿವಿಗೆ ಪೆಟ್ಟಾದ ದಾಖಲೆ ಇಲ್ಲ).

ಆ ಪೀಸ್ ಏರಿಯಾದಿಂದಲೇ ನಮ್ಮನ್ನು ಪ್ರತಿ ವರ್ಷ ಮಹಾಜನ್ ರೇಂಜಿಗೆ ಫೈರಿಂಗ್‌ಗೆ ಕರೆದುಕೊಂಡು ಹೋಗುತ್ತಿದ್ದರು.

ಬೆಳಗಾವಿ ಹೆಡ್ ಕ್ಲರ್ಕ್

ಇದನ್ನೇ ಅಪೀಲ್‌ನ ಮೊದಲ ಪ್ಯಾರಾದಲ್ಲಿ ಬರೆಯಿರಿ. ಸಿಟ್ಟು ಬೇಡ, ವರ್ಷ ಮತ್ತು ರೇಂಜಿನ ಹೆಸರು ಸಾಕು. ಯಾವ ಯಾವ ವರ್ಷ ಯಾವ ರೇಂಜ್, ಯಾವ ತೋಪು, ನೀವು ಡಿಟ್ಯಾಚ್‌ಮೆಂಟ್‌ನಲ್ಲಿ (ತೋಪಿನ ತಂಡದಲ್ಲಿ) ಯಾವ ನಂಬರ್. ಜೊತೆಗಿದ್ದವರು ಇಬ್ಬರು ಅಫಿಡವಿಟ್ ಕೊಟ್ಟರೆ ಇನ್ನೂ ಒಳ್ಳೆಯದು.

ಗೋಕಾಕದ ಗನ್ನರ್

ನಂಬರ್ ತ್ರೀ ಇದ್ದವನು ಈಗ ಅಥಣಿಯಲ್ಲಿದ್ದಾನೆ. ಅವನ ಕಿವಿಯೂ ಹೋಗಿದೆ, ಫೋನಿನಲ್ಲಿ ಇಬ್ಬರೂ ಒದರಾಡಿ ಮಾತಾಡಿದೆವು. ಬರುತ್ತೇನೆ ಅಂದಿದ್ದಾನೆ. ಸೋಮವಾರ ಬೆಳಗಾವಿ ಪಾಲಿಕ್ಲಿನಿಕ್‌ಗೆ ಹೋಗುತ್ತಿದ್ದೇನೆ, ಇಎನ್‌ಟಿ ರೆಫರಲ್‌ಗೆ.

ಮೈಸೂರಿನ ಅಕ್ಕ

ಬೆಳಿಗ್ಗೆ ಬೇಗ ಹೋಗಿ ಅಣ್ಣ, ಸೋಮವಾರ ಕ್ಯೂ ಜಾಸ್ತಿ. ಅಥಣಿಯವರ ಕಾರ್ಡೂ ತರಲು ಹೇಳಿ, ಇಬ್ಬರದೂ ಒಟ್ಟಿಗೆ ಮಾಡಿಸಿಬಿಡಿ.